ಚಿತ್ರಕಾದಂಬರಿಯಲ್ಲಿ ಆಶಯ ಹುಡುಕುವುದನ್ನು ಮಕ್ಕಳಿಗೆ ಕಲಿಸುವ ಬಗೆ

‘ಈ ಕಥೆಯ ನೀತಿ ಏನು?’ ಎಂದು ಏಳನೆಯ ತರಗತಿಯಲ್ಲಿ ಕೇಳಿ ನೋಡಿ. ಪುಸ್ತಕ ಮುಚ್ಚುವ ಮೊದಲೇ ಉತ್ತರ ಬಂದುಬಿಡುತ್ತದೆ. ಸುಳ್ಳು ಹೇಳಬಾರದು, ಹಿರಿಯರನ್ನು ಗೌರವಿಸಬೇಕು, ಒಗ್ಗಟ್ಟಿನಿಂದ ಇರಬೇಕು. ಕಥೆ ಯಾವುದಾದರೂ ಇರಲಿ, ಈ ಮೂರರಲ್ಲೊಂದು ಹೇಗೋ ಹೊಂದಿಕೊಳ್ಳುತ್ತದೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಒಂದನೆಯ ತರಗತಿಯಿಂದ ಅವರನ್ನು ಕೇಳುತ್ತ ಬಂದದ್ದು ಅದೊಂದೇ ಪ್ರಶ್ನೆ.

ಆಶಯ ಹುಡುಕುವುದನ್ನು ಕಲಿಸಬೇಕಾದರೆ ಮೊದಲು ಆ ಪ್ರಶ್ನೆಯನ್ನು ಬದಿಗಿಡಬೇಕು. ಹಲಗೆಯ ಮೇಲೆ ಮೂರು ಪದ ಬರೆಯಿರಿ: ವಿಷಯ, ನೀತಿ, ಆಶಯ. ವಿಷಯ ಒಂದು ಪದದಲ್ಲಿ ಮುಗಿಯುತ್ತದೆ: ನೀರು, ಊರು, ಸ್ನೇಹ. ನೀತಿ ಓದುಗರಿಗೆ ಅಪ್ಪಣೆ ಕೊಡುತ್ತದೆ. ಕಥೆ ಆ ವಿಷಯದಲ್ಲಿ ಏನನ್ನು ಕಂಡುಕೊಂಡಿದೆ ಎನ್ನುವುದು ಆಶಯ. ಕನ್ನಡದಲ್ಲಿ ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ವಾಕ್ಯ ‘ಬೇಕು’ ಅಥವಾ ‘ಬಾರದು’ ಎಂದು ಕೊನೆಯಾದರೆ ಅದು ನೀತಿ, ಇನ್ನೊಮ್ಮೆ ಪುಟ ನೋಡು. ಇದನ್ನು ಒಮ್ಮೆ ಹೇಳಿಕೊಟ್ಟರೆ ಮಕ್ಕಳು ತಾವೇ ಒಬ್ಬರನ್ನೊಬ್ಬರು ತಿದ್ದತೊಡಗುತ್ತಾರೆ.

ಇದಕ್ಕೆ ಚಿತ್ರಕಾದಂಬರಿಯೇ (ಚಿತ್ರ ಮತ್ತು ಮಾತು ಸೇರಿ ಕಥೆ ಹೇಳುವ ಪುಸ್ತಕ, ಗ್ರಾಫಿಕ್ ನಾವೆಲ್) ಯಾಕೆ ಎಂದರೆ, ಅದರಲ್ಲಿ ಸಾಕ್ಷಿಯನ್ನು ಬೆರಳಿಟ್ಟು ತೋರಿಸಬಹುದು. ಮುಂಬಯಿಯ ಕನ್ನಡ ತರಗತಿಗಳಿಗೆ ಇನ್ನೂ ಒಂದು ಕಾರಣವಿದೆ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಾಗಲಿ, ಸಂಘಗಳು ನಡೆಸುವ ವಾರಾಂತ್ಯದ ಕನ್ನಡ ವರ್ಗವಾಗಲಿ, ಅಲ್ಲಿ ಕೂತ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉತ್ತರ ಕರ್ನಾಟಕದ ಕನ್ನಡವನ್ನೋ ಆಡುತ್ತದೆ, ಮೆಟ್ಟಿಲಿಳಿದರೆ ಹಿಂದಿ, ಅಂಗಡಿಯಲ್ಲಿ ಮರಾಠಿ. ಗದ್ಯದ ಒಂದು ಪುಟ ಕೊಟ್ಟರೆ ಒತ್ತಕ್ಷರ ಬಿಡಿಸಿ ಓದುವುದಕ್ಕೇ ಅದರ ಶಕ್ತಿಯೆಲ್ಲ ಖರ್ಚಾಗಿ, ಯೋಚಿಸಲು ಏನೂ ಉಳಿದಿರುವುದಿಲ್ಲ. ಚಿತ್ರದ ಪುಟದ ಮುಂದೆ ನಿಧಾನವಾಗಿ ಓದುವ ಮಗುವೂ ಸರಸರ ಓದುವ ಮಗುವೂ ಸಮ. ಎಷ್ಟೋ ಸಲ ನಿಧಾನದ ಮಗುವೇ ಹೆಚ್ಚು ನೋಡಿರುತ್ತದೆ.

ಪುಸ್ತಕ ಆರಿಸುವುದು

ಪುಸ್ತಕವನ್ನು ಎಲ್ಲಾದರೂ ತೆರೆದು ಮೂರು ಪುಟಗಳ ಮಾತುಗಳನ್ನು ಕೈಯಿಂದ ಮುಚ್ಚಿ. ಚಿತ್ರದಿಂದಲೇ ಏನಾದರೂ ತಿಳಿದು, ಏನೋ ಒಂದು ತಿಳಿಯದೆ ಉಳಿದು ಕುತೂಹಲ ಹುಟ್ಟಿದರೆ ಆ ಪುಸ್ತಕ ನಮ್ಮ ಕೆಲಸಕ್ಕೆ ಬರುತ್ತದೆ. ‘ರಾಜನಿಗೆ ಕೋಪ ಬಂತು’ ಎಂದು ಚಿತ್ರದ ಮೇಲಿನ ನಿರೂಪಣೆಯ ಪಟ್ಟಿಯಲ್ಲಿ ಬರೆದು, ಕೆಳಗೆ ಕೋಪಗೊಂಡ ರಾಜನನ್ನೇ ಬಿಡಿಸಿದ್ದರೆ ಅಲ್ಲಿ ಮಗುವಿಗೆ ಮಾಡಲು ಕೆಲಸವಿಲ್ಲ. ಮಾತಿಲ್ಲದ ಚೌಕಗಳು, ಅಂದರೆ ಚಿತ್ರದ ಮನೆಗಳು, ಎಷ್ಟಿವೆ ಎಂದೂ ಎಣಿಸಿ. ಇಡೀ ಪುಸ್ತಕದಲ್ಲಿ ಅಂಥ ಹತ್ತು ಚೌಕ ಸಿಕ್ಕರೂ ಒಳ್ಳೆಯದೇ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಇದೇ ಮುಂಬಯಿಯಿಂದ 1967ರಲ್ಲಿ ಅಮರ ಚಿತ್ರ ಕಥೆ ಸರಣಿಯನ್ನೂ 1980ರಲ್ಲಿ ಟಿಂಕಲ್ ಪತ್ರಿಕೆಯನ್ನೂ ಹೊರತಂದರು. ಅನೇಕರ ಮನೆಯಲ್ಲಿ ಅವುಗಳ ಹಳೆಯ ಪ್ರತಿಗಳಿವೆ, ಮಾಟುಂಗದ ಕಿಂಗ್ಸ್ ಸರ್ಕಲ್ ಪಾದಚಾರಿ ದಾರಿಯ ಹಳೆ ಪುಸ್ತಕದವರ ಹತ್ತಿರವೂ ಹುಡುಕಬಹುದು. ಅವುಗಳಲ್ಲಿ ನಿರೂಪಣೆಯ ಪಟ್ಟಿಗಳು ಹೆಚ್ಚು. ಹಾಗೆಂದು ದೂರವಿಡಬೇಡಿ. ಪಟ್ಟಿಗಳ ಮೇಲೆ ಬಿಳಿ ಕಾಗದ ಅಂಟಿಸಿ ಝೆರಾಕ್ಸ್ ಮಾಡಿಸಿದರೆ ಮೊದಲ ತರಗತಿಗೆ ಬೇಕಾದ ಸಾಮಗ್ರಿ ಸಿದ್ಧ.

ಝೆರಾಕ್ಸಿನ ವಿಷಯದಲ್ಲಿ ಎರಡು ಮಾತು. ಮಾತಿನ ಗುಳ್ಳೆಯೊಳಗಿನ ಕನ್ನಡ ಅಕ್ಷರ ಸಾಮಾನ್ಯವಾಗಿ ತೀರ ಸಣ್ಣದಿರುತ್ತದೆ. ಬೇರೆ ಭಾಷೆಗೆಂದು ಬಿಡಿಸಿದ ಗುಳ್ಳೆಯಲ್ಲಿ ಅನುವಾದವನ್ನು ತುರುಕಿದಾಗ ಒತ್ತಕ್ಷರಗಳು ಮೇಲಿನ ಸಾಲಿಗೆ ತಾಗುತ್ತವೆ. ಎ4 ಪುಟವನ್ನು ಎ3ಗೆ, ಅಂದರೆ ಶೇ. 141ಕ್ಕೆ, ಹಿಗ್ಗಿಸಿ ಕೊಡಿ ಎಂದು ಅಂಗಡಿಯಲ್ಲಿ ಹೇಳಿ. ಇಬ್ಬರಿಗೆ ಒಂದು ಹಾಳೆ ಸಾಕು, ಮೂವರಿಗೆ ಒಂದು ಕೊಟ್ಟರೆ ಮೂರನೆಯವರು ಕಿಟಕಿಯಾಚೆ ನೋಡುತ್ತಾರೆ. ಪಾಠದ ಸಲುವಾಗಿ ಶಿಕ್ಷಕರು ಪುಟಗಳನ್ನು ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅವಕಾಶ ಕೊಟ್ಟಿದೆ. ಆದರೂ ಇಡೀ ಪುಸ್ತಕವನ್ನು ಝೆರಾಕ್ಸ್ ಮಾಡಿ ಹಂಚಬೇಡಿ. ಎರಡು ಮೂರು ಪುಟಗಳನ್ನಷ್ಟೇ ಪ್ರತಿ ಮಾಡಿಸಿ, ಪುಸ್ತಕದ ನಾಲ್ಕೈದು ಪ್ರತಿ ಕೊಂಡು ತರಗತಿಯ ಕಪಾಟಿನಲ್ಲಿಡಿ. ಬಣ್ಣದಲ್ಲೇ ಅರ್ಥವಿರುವ ಪುಟವನ್ನು ಕಪ್ಪು ಬಿಳುಪಿನಲ್ಲಿ ಹಂಚುವುದು ಹಾಳೆ ದಂಡ ಮಾಡಿದಂತೆ. ಅಂಥ ಪುಟಕ್ಕೆ ಮೂಲ ಪುಸ್ತಕವನ್ನೇ ಕೈಯಿಂದ ಕೈಗೆ ದಾಟಿಸಿ.

ಒಟ್ಟು ಎಂಟು ಪೀರಿಯಡ್ ಬೇಕು, ತಲಾ 35 ನಿಮಿಷದ್ದು. ಭಾನುವಾರದ ವರ್ಗ ಒಂದೂವರೆ ಗಂಟೆಯದಾದರೆ ನಾಲ್ಕು ಭಾನುವಾರದಲ್ಲಿ ಮುಗಿಯುತ್ತದೆ.

ಮೊದಲ ಪೀರಿಯಡ್: ನೋಡುವುದಷ್ಟೇ

ಮಾತು ಮುಚ್ಚಿದ ಒಂದೇ ಪುಟ ಕೊಡಿ. ಐದು ನಿಮಿಷ ಯಾರೂ ಮಾತಾಡುವಂತಿಲ್ಲ, ಬರೆಯುವಂತಿಲ್ಲ. ಮೊದಲೆರಡು ನಿಮಿಷಕ್ಕೇ ‘ಆಯ್ತು ಟೀಚರ್’ ಎನ್ನುತ್ತಾರೆ. ಬಿಡಬೇಡಿ. ಸಣ್ಣ ಸಂಗತಿಗಳು ಕಣ್ಣಿಗೆ ಬೀಳುವುದು ಮೂರನೆಯ ನಿಮಿಷದ ಆಮೇಲೆಯೇ.

ನಂತರ ನೋಟ್‌ಬುಕ್ಕಿನ ಪುಟವನ್ನು ಮಧ್ಯಕ್ಕೆ ಮಡಿಸಿ ಎಡಗಡೆ ‘ಕಂಡದ್ದು’, ಬಲಗಡೆ ‘ಅನಿಸಿದ್ದು’ ಎಂದು ಬರೆಯಿಸಿ. ‘ಹುಡುಗಿ ಬೇಸರದಲ್ಲಿದ್ದಾಳೆ’ ಎನ್ನುವುದು ಎಡಕ್ಕೆ ಬರುವಂತಿಲ್ಲ. ‘ಹುಡುಗಿಯ ಹೆಗಲು ಕೆಳಗೆ ಬಿದ್ದಿದೆ, ಮುಖ ಪುಟದ ಅಂಚಿನ ಕಡೆಗಿದೆ’ ಎನ್ನುವುದು ಎಡಕ್ಕೆ, ‘ಬೇಸರ’ ಬಲಕ್ಕೆ. ಎಡಗಡೆ ಕನಿಷ್ಠ ಎಂಟು ಸಾಲು ತುಂಬುವವರೆಗೆ ಬಲಗಡೆಗೆ ಹೋಗಬಾರದು. ಈ ಒಂದು ಅಭ್ಯಾಸ ಗಟ್ಟಿಯಾದರೆ ಮುಂದಿನದೆಲ್ಲ ಹಗುರ. ಇದನ್ನು ಅವಸರದಲ್ಲಿ ಮುಗಿಸಿದ ತರಗತಿಯಲ್ಲಿ ಐದನೆಯ ಪೀರಿಯಡ್ಡಿಗೂ ಮಕ್ಕಳು ‘ನನಗೆ ಹಾಗನಿಸಿತು’ ಎಂದೇ ವಾದಿಸುತ್ತಿರುತ್ತಾರೆ.

ಎರಡನೆಯದು: ಪುಟದ ವ್ಯಾಕರಣ

ನಾಲ್ಕು ಹೆಸರು ಕಲಿಸಿದರೆ ಸಾಕು: ಚೌಕ, ಸಂದು, ಗುಳ್ಳೆ, ಪಟ್ಟಿ. ಚಿತ್ರವಿರುವ ಮನೆ ಚೌಕ. ಎರಡು ಚೌಕಗಳ ನಡುವೆ ಬಿಟ್ಟ ಬಿಳಿ ಜಾಗ ಸಂದು. ಪಾತ್ರ ಆಡಿದ್ದು ಗುಳ್ಳೆಯಲ್ಲಿ, ಕಥೆ ಹೇಳುವವರು ಹೇಳಿದ್ದು ಪಟ್ಟಿಯಲ್ಲಿ.

ಇವುಗಳಲ್ಲಿ ಸಂದಿಗೆ ಹೆಚ್ಚು ಹೊತ್ತು ಕೊಡಿ. ಹಲಗೆಯ ಮೇಲೆ ಎರಡು ಚೌಕ ಎಳೆಯಿರಿ. ಮೊದಲನೆಯದರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಓಡುತ್ತಿರುವ ಹುಡುಗ, ಎದುರಿಗೆ ಲೋಕಲ್ ಟ್ರೇನು. ಎರಡನೆಯದರಲ್ಲಿ ಖಾಲಿ ಪ್ಲಾಟ್‌ಫಾರ್ಮು, ಅಲ್ಲೊಂದು ಚಪ್ಪಲಿ. ನಡುವೆ ಏನಾಯಿತು ಎಂದು ಕೇಳಿ. ಹತ್ತಿಬಿಟ್ಟ ಎನ್ನುವವರು, ಬಿದ್ದ ಎನ್ನುವವರು, ಯಾರೋ ಎಳೆದುಕೊಂಡರು ಎನ್ನುವವರು, ಎಲ್ಲ ಸಿಗುತ್ತಾರೆ. ನಾನು ಬಿಡಿಸದೆ ಇದ್ದದ್ದನ್ನು ನೀವು ಹೇಗೆ ಕಂಡಿರಿ ಎಂದು ಆಗ ಕೇಳಿ. ಕಥೆಯ ಒಂದು ಪಾಲು ಸಂದಿನಲ್ಲಿ, ಅದರಲ್ಲೂ ಓದುವವರ ತಲೆಯಲ್ಲಿ ನಡೆಯುತ್ತದೆ ಎನ್ನುವುದು ಅವರಿಗೆ ಹೊಳೆಯುವ ಕ್ಷಣ ಅದು. ಆ ಮೌನವನ್ನು ವಿವರಣೆಯಿಂದ ತುಂಬಬೇಡಿ.

ಚೌಕದ ಅಳತೆ, ಕೋನ, ಗೆರೆಯ ದಪ್ಪ ಇವೂ ಮಾತಾಡುತ್ತವೆ ಎಂಬುದನ್ನು ತಿಳಿಸಲು ಯಕ್ಷಗಾನ ನೋಡಿದ ಮಕ್ಕಳಿದ್ದರೆ ಹಾದಿ ಸುಲಭ. ಬಣ್ಣದ ವೇಷ ರಂಗಕ್ಕೆ ಬಂದಾಗ ಬಾಯಿ ತೆರೆಯುವ ಮೊದಲೇ ಅದು ಯಾರೆಂದು ಗೊತ್ತಾಗುತ್ತದಲ್ಲ, ಹೇಗೆ? ಮುಖವರ್ಣಿಕೆಯಿಂದ, ಚೆಂಡೆಯ ಏರಿನಿಂದ. ಪುಸ್ತಕದ ಪುಟಕ್ಕೆ ಚೆಂಡೆಯಿಲ್ಲ, ಅದರ ಕೆಲಸವನ್ನು ಗೆರೆ ಮಾಡುತ್ತದೆ. ಯಕ್ಷಗಾನ ನೋಡದ ಮಕ್ಕಳಿಗೆ ಪಿಂಗುಳಿಯ ಚಿತ್ರಕಥಿಯನ್ನು ಹೇಳಿ. ಕೊಂಕಣ ರೈಲು ದಾಟಿಹೋಗುವ ಕುಡಾಳದ ಪಕ್ಕದ ಊರು ಅದು. ಅಲ್ಲಿ ಠಾಕರ್ ಸಮುದಾಯದವರು ಬಿಡಿ ಚಿತ್ರಗಳ ಕಟ್ಟನ್ನು ಒಂದೊಂದಾಗಿ ಮುಂದಿಟ್ಟು ಹಾಡಿ ಕಥೆ ಹೇಳುವ ಸಂಪ್ರದಾಯವಿದೆ. ಒಂದು ಚಿತ್ರ ಇಳಿದು ಇನ್ನೊಂದು ಬರುವ ನಡುವಿನ ಹೊತ್ತು, ಅದೂ ಸಂದೇ.

ಮೂರನೆಯದು, ನಾಲ್ಕನೆಯದು: ಒಂದು ಪುಟವನ್ನು ಬಿಡಿಸಿ ನೋಡುವುದು

ಮೊದಲ ಆಶಯವನ್ನು ದೊಡ್ಡ ಪುಸ್ತಕದಲ್ಲಿ ಹುಡುಕಿಸಬೇಡಿ. ಕೆಳಗಿನ ಆರು ಚೌಕಗಳ ಪುಟವನ್ನು ನೀವೇ ಕಡ್ಡಿ ಮನುಷ್ಯರನ್ನಿಟ್ಟು ಬಿಡಿಸಿಕೊಳ್ಳಿ. ಇಪ್ಪತ್ತು ನಿಮಿಷದ ಕೆಲಸ. ಎಲ್ಲೂ ಒಂದು ಮಾತೂ ಬೇಡ.

ಒಂದನೆಯ ಚೌಕ ಪುಟದ ಪೂರ್ತಿ ಅಗಲಕ್ಕೆ. ಊರಿನ ಮನೆಯಂಗಳ, ಚಾಪೆಯ ಮೇಲೆ ಸಂಡಿಗೆ ಇಡುತ್ತಿರುವ ಅಜ್ಜಿ, ಕಾಗೆ ಬಾರದಿರಲೆಂದು ಬಿಚ್ಚಿಟ್ಟ ಕಪ್ಪು ಕೊಡೆ, ಮೇಲೆ ದೊಡ್ಡ ಆಕಾಶ. ಎರಡನೆಯದು ಅರ್ಧ ಅಗಲ: ರೈಲಿನ ಡಬ್ಬಿ, ಅಜ್ಜಿಯ ಕಾಲ ಬಳಿ ಚೀಲ, ಚೀಲದಿಂದ ಹೊರಬಂದ ಕೊಡೆಯ ಹಿಡಿ. ಮೂರನೆಯದು ಕಿರಿದು, ಉದ್ದ: ಗ್ರಿಲ್ ಹಾಕಿದ ಕಿಟಕಿ, ಮುಂದೆ ನಿಂತ ಅಜ್ಜಿಯ ಬೆನ್ನು, ಗೋಡೆಯ ಮೊಳೆಯಲ್ಲಿ ಮಡಚಿದ ಕೊಡೆ. ನಾಲ್ಕನೆಯದು ಇನ್ನೂ ಕಿರಿದು: ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಲ್ಲಿ ನಾಲ್ಕೇ ಸಂಡಿಗೆ, ಅಜ್ಜಿಯ ಮುಖದ ಮೇಲೆ ಗ್ರಿಲ್ಲಿನ ನೆರಳಿನ ಗೆರೆಗಳು. ಐದನೆಯದರಲ್ಲಿ ಮೊಮ್ಮಗ ಸ್ಟೂಲಿನ ಮೇಲೆ ಹತ್ತಿ ಮೊಳೆಯಿಂದ ಕೊಡೆ ಇಳಿಸುತ್ತಿದ್ದಾನೆ. ಆರನೆಯದು ಮತ್ತೆ ಪೂರ್ತಿ ಅಗಲ: ಕಟ್ಟಡದ ಟೆರೇಸು, ಸುತ್ತ ನೀರಿನ ಟಾಕಿಗಳು, ಡಿಶ್ ಆಂಟೆನಾಗಳು, ನಡುವೆ ಹಳೆ ಬೆಡ್‌ಶೀಟಿನ ಮೇಲೆ ಸಂಡಿಗೆ, ಬಿಚ್ಚಿದ ಕೊಡೆ. ಅಜ್ಜಿ ಕೂತಿದ್ದಾಳೆ, ಮೊಮ್ಮಗ ಸಂಡಿಗೆ ಇಡಲು ನೋಡುತ್ತಿದ್ದಾನೆ, ಅವನದು ಸೊಟ್ಟಗಾಗಿದೆ.

ಪ್ರಶ್ನೆಗಳನ್ನು ಈ ಸಾಲಿನಲ್ಲೇ ಕೇಳಿ. ಯಾವ ವಸ್ತು ಮತ್ತೆ ಮತ್ತೆ ಬರುತ್ತದೆ? ಬಂದಾಗೆಲ್ಲ ಹೇಗಿದೆ? ಚೌಕ ಎಲ್ಲಿ ಕಿರಿದಾಯಿತು, ಎಲ್ಲಿ ಮತ್ತೆ ಅಗಲವಾಯಿತು? ಒಂದನೆಯ ಮತ್ತು ಆರನೆಯ ಚೌಕದಲ್ಲಿ ಒಂದೇ ಆಗಿರುವುದು ಏನು, ಬದಲಾದದ್ದು ಏನು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ.

ಬರುವ ಉತ್ತರಗಳನ್ನು ಹೇಗೆ ಮುಂದಕ್ಕೆ ಒಯ್ಯುವುದು ಎಂಬುದರಲ್ಲೇ ಪಾಠದ ಜೀವ ಇದೆ. ‘ಮುಂಬಯಿಯಲ್ಲಿ ಜಾಗ ಇಲ್ಲ’ ಎಂದು ಒಬ್ಬರು ಹೇಳುತ್ತಾರೆ. ಅದು ನಿಜ, ಆದರೆ ಆರನೆಯ ಚೌಕದಲ್ಲಿ ಜಾಗ ಸಿಕ್ಕಿದೆಯಲ್ಲ ಎನ್ನಿ. ‘ಅಜ್ಜಿಗೆ ಸಹಾಯ ಮಾಡಬೇಕು’ ಎಂದು ಇನ್ನೊಬ್ಬರು. ವಾಕ್ಯದ ಕೊನೆ ನೋಡಿಕೊಳ್ಳಲಿ. ‘ಅಜ್ಜಿಗೆ ಊರಿನ ನೆನಪಾಯಿತು’ ಎನ್ನುವ ಉತ್ತರ ಹತ್ತಿರ ಬಂತು. ನೆನಪಾದಾಗ ಕೊಡೆ ಎಲ್ಲಿತ್ತು, ಬಿಚ್ಚಿದ್ದು ಯಾವಾಗ ಎಂದು ಕೇಳಿ. ಕೊನೆಗೆ ಯಾರೋ ಒಬ್ಬರು, ತಮ್ಮದೇ ಮಾತಿನಲ್ಲಿ, ಕೈಗೆ ತನ್ನ ಕೆಲಸ ಸಿಕ್ಕ ಕಡೆ ಊರು ಹುಟ್ಟುತ್ತದೆ ಎಂಬ ಅರ್ಥ ಬರುವಂತೆ ಹೇಳುತ್ತಾರೆ. ಮತ್ತೊಬ್ಬರು, ಆದರೆ ಆಕಾಶ ಅಷ್ಟು ದೊಡ್ಡದಿಲ್ಲ ಎನ್ನಬಹುದು. ಎರಡೂ ಸರಿ. ಒಂದು ಪುಟಕ್ಕೆ ಎರಡು ಆಶಯ ಇರಬಹುದು, ಸಾಕ್ಷಿ ಇರಬೇಕು ಅಷ್ಟೇ.

ಬರೆಯಲು ಒಂದು ಅಚ್ಚು ಕೊಡಿ: ‘ಈ ಪುಟದ ಪ್ರಕಾರ ________. ಏಕೆಂದರೆ __ನೆಯ ಚೌಕದಲ್ಲಿ ________. ಆದರೆ __ನೆಯ ಚೌಕದಲ್ಲಿ ________.’ ಮೂರನೆಯ ವಾಕ್ಯದ ‘ಆದರೆ’ಯನ್ನು ಯಾರೂ ಬಿಡುವಂತಿಲ್ಲ. ಮೊದಲು ಹೊಳೆದ ಆಶಯಕ್ಕೆ ಎದುರಾಗಿ ನಿಲ್ಲುವ ಚೌಕವನ್ನು ಹುಡುಕುವಾಗಲೇ ಮಗು ನಿಜವಾಗಿ ಯೋಚಿಸುವುದು.

ಐದು, ಆರು: ಪುಸ್ತಕಕ್ಕೆ ಕೈ ಹಾಕುವುದು

ಈಗ ನಿಜವಾದ ಚಿತ್ರಕಾದಂಬರಿ. ಎಂಟನೆಯ ತರಗತಿಗೆ 2011ರಲ್ಲಿ ಬಂದ ‘ಭೀಮಾಯಣ’ ಬಹಳ ಒಳ್ಳೆಯ ಆಯ್ಕೆ. ಅಂಬೇಡ್ಕರರ ಬದುಕಿನ ಅನುಭವಗಳನ್ನು ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದ್ದಾರೆ. ಇಂಗ್ಲಿಷ್ ಪ್ರತಿ ಇದ್ದರೂ ನಡೆಯುತ್ತದೆ, ಪುಟ ತೋರಿಸುತ್ತ ಮಾತನ್ನು ನೀವು ಕನ್ನಡದಲ್ಲಿ ಹೇಳಿದರಾಯಿತು. ಮೊದಲ ಭಾಗವಾದ ನೀರಿನ ಕಥೆಯನ್ನಷ್ಟೇ ತೆಗೆದುಕೊಳ್ಳಿ.

ಎರಡನೆಯ ಪೀರಿಯಡ್ಡಿನಲ್ಲಿ ಕಲಿತದ್ದನ್ನು ಈ ಪುಸ್ತಕ ಬುಡಮೇಲು ಮಾಡುತ್ತದೆ, ಅದೇ ಇದರ ಚೆಂದ. ಇಲ್ಲಿ ಪೆಟ್ಟಿಗೆಯಂಥ ಚೌಕಗಳಿಲ್ಲ. ಗೊಂಡರ ಮನೆಯ ಗೋಡೆ ಮತ್ತು ನೆಲದ ಮೇಲೆ ಬಿಡಿಸುವ ದಿಗ್ನಾ ಎಂಬ ವಿನ್ಯಾಸದ ಪಟ್ಟಿಗಳು ಪುಟವನ್ನು ಬಳುಕುತ್ತ ಭಾಗ ಮಾಡುತ್ತವೆ. ಗುಳ್ಳೆಗಳಲ್ಲಿ ಮೂರು ಬಗೆ. ಮೆದು ಮಾತಿನವರ, ನೊಂದವರ ಗುಳ್ಳೆ ಹಕ್ಕಿಯ ಆಕಾರದ್ದು. ಕುಟುಕುವ ಮಾತಿನ ಗುಳ್ಳೆಗೆ ಚೇಳಿನ ಬಾಲ. ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣಿನ ಗುರುತು. ಇದನ್ನು ನೀವೇ ಹೇಳಿಬಿಡಬೇಡಿ. ಚೇಳಿನ ಬಾಲವಿರುವ ಗುಳ್ಳೆಗಳನ್ನು ಎಣಿಸಿ, ಅವು ಯಾರ ಬಾಯಿಂದ ಬಂದಿವೆ ಎಂದು ಪಟ್ಟಿ ಮಾಡಲು ಹೇಳಿ. ಹತ್ತು ನಿಮಿಷದಲ್ಲಿ ಮಕ್ಕಳೇ ನಿಯಮ ಕಂಡುಹಿಡಿಯುತ್ತಾರೆ, ಆ ಸಂತೋಷ ಅವರದೇ ಆಗಲಿ.

ಇಲ್ಲಿ ತಪ್ಪದೆ ಆಗುವ ಒಂದು ಎಡವಟ್ಟಿದೆ. ನೀರು ಎಂದ ಕೂಡಲೇ ಮಕ್ಕಳು ‘ನೀರು ಉಳಿಸಿ’ ಎಂಬ ಫಲಕದ ಕಡೆಗೆ ಓಡುತ್ತಾರೆ. ಬೆಳಗಿನ ಜಾವ ನಲ್ಲಿ ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸುವ, ಟ್ಯಾಂಕರಿಗೆ ಸಾಲು ನಿಲ್ಲುವ ಮನೆಗಳಿಂದ ಬಂದ ಮಕ್ಕಳಿಗೆ ಅದು ಸಹಜ. ತಿದ್ದಲು ಪುಟಕ್ಕೇ ಹಿಂತಿರುಗಿ: ಬಾಲಕ ಭೀಮನ ಶಾಲೆಯಲ್ಲಿ ನೀರು ಇರಲಿಲ್ಲವೇ? ಇತ್ತು. ಯಾರು ಕೊಡಲಿಲ್ಲ? ಬರಗಾಲದ ಜನರಿಗಾಗಿ ಕೆರೆ ಕಟ್ಟುವ ಕೆಲಸದಲ್ಲಿದ್ದ ಅಪ್ಪನಿಗೆ ಕೆರೆ ತುಂಬಿದ ಮೇಲೆ ಅದರ ನೀರು ಮುಟ್ಟುವಂತಿತ್ತೇ? ನೀರಿನ ಕೊರತೆಗೂ ನೀರನ್ನು ತಡೆದಿಡುವುದಕ್ಕೂ ಇರುವ ಅಂತರ ಈ ಮೂರು ಪ್ರಶ್ನೆಯಲ್ಲಿ ತಿಳಿಯುತ್ತದೆ. 1901ರಲ್ಲಿ ಸಾತಾರೆಯಿಂದ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದ ಪುಟಗಳಿಗೆ ಆಮೇಲೆ ಬನ್ನಿ. ಸಾರ್ವಜನಿಕ ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರರು ನಡೆಸಿದ 1927ರ ಮಾರ್ಚ್ 20ರ ಚವದಾರ್ ಕೆರೆ ಸತ್ಯಾಗ್ರಹದ ಊರಾದ ಮಹಾಡ್, ಮುಂಬಯಿ–ಗೋವಾ ಹೆದ್ದಾರಿಯ ಮೇಲಿನ ಊರು. ರಜೆಯಲ್ಲಿ ಆ ದಾರಿಯಾಗಿ ಊರಿಗೆ ಹೋಗುವ ಮಕ್ಕಳಿಗೆ ನಕ್ಷೆಯಲ್ಲಿ ತೋರಿಸಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ತರಗತಿಯಲ್ಲಿ ಯಾವ ಮಗುವಿನ ಜಾತಿಯನ್ನೂ ಕೇಳಬೇಡಿ, ‘ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ’ ಎಂದು ಕೈ ಎತ್ತಿಸಬೇಡಿ, ಈ ಪ್ರಸಂಗಗಳನ್ನು ನಾಟಕ ಮಾಡಿಸಬೇಡಿ. ಅವಮಾನದ ಮಾತನ್ನು ಪಾಠಕ್ಕಾಗಿಯಾದರೂ ಸಹಪಾಠಿಯ ಬಾಯಿಂದ ಕೇಳುವುದು ಮಗುವಿಗೆ ಹೊಸ ಗಾಯ. ಹೇಳಿಕೊಳ್ಳಬೇಕು ಎನಿಸಿದವರು ಚೀಟಿಯಲ್ಲಿ ಬರೆದು ನಿಮಗೊಬ್ಬರಿಗೇ ಕೊಡಲಿ, ಅದನ್ನು ಓದಿ ಹೇಳುವುದು ಬೇಡ.

ಆರನೆಯ ತರಗತಿಗೆ ಈ ಪುಸ್ತಕ ಭಾರವೆನಿಸಿದರೆ ಊರು, ಸ್ನೇಹ, ಭಯ ಇಂಥ ವಿಷಯದ ಸಣ್ಣ ಚಿತ್ರಕಥೆ ಸಾಕು. ವಿಧಾನ ಅದೇ.

ಏಳು, ಎಂಟು: ತಾವೇ ಒಂದು ಪುಟ ಮಾಡುವುದು

ನಿಯಮ ಒಂದೇ: ಆಶಯದ ಪದ ಪುಟದಲ್ಲಿ ಎಲ್ಲೂ ಬರಬಾರದು. ಒಂಟಿತನದ ಕುರಿತು ಮಾಡುವವರು ಒಂಟಿ ಎಂದು ಬರೆಯುವಂತಿಲ್ಲ.

ಎ4 ಹಾಳೆಯನ್ನು ಎರಡು ಸಲ ಮಡಿಸಿದರೆ ನಾಲ್ಕು ಭಾಗ. ಮೂರು ಭಾಗಗಳಲ್ಲಿ ಪುಟದ ಒಂದೊಂದು ಪುಟ್ಟ ನಕ್ಷೆ, ಮೂರೂ ಬೇರೆ ಬೇರೆ ಬಗೆಯಲ್ಲಿ. ನಾಲ್ಕನೆಯ ಭಾಗ ಟಿಪ್ಪಣಿಗೆ. ಮೊದಲ ನಕ್ಷೆಯನ್ನೇ ಆರಿಸುವ ಮಕ್ಕಳೇ ಹೆಚ್ಚು. ಮೂರನೆಯದನ್ನು ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿ, ಅರ್ಧದಷ್ಟು ಮಂದಿ ಮನಸ್ಸು ಬದಲಾಯಿಸುತ್ತಾರೆ. ನಂತರ ಹೊಸ ಹಾಳೆಯಲ್ಲಿ ನಾಲ್ಕರಿಂದ ಆರು ಚೌಕ, ಎಚ್‌ಬಿ ಪೆನ್ಸಿಲಿನಲ್ಲಿ. ಸಂದು ಅರ್ಧ ಸೆಂಟಿಮೀಟರ್. ಗುಳ್ಳೆಯ ಮಾತನ್ನು ಮೊದಲು ಬರೆದು ಆಮೇಲೆ ಸುತ್ತ ಗೆರೆ ಎಳೆಯಬೇಕು. ಗೆರೆ ಮೊದಲು ಎಳೆದರೆ ಕನ್ನಡ ಪದ ಒಳಗೆ ಹಿಡಿಯುವುದಿಲ್ಲ, ‘ಹೋಗುತ್ತಿದ್ದೇನೆ’ ಒಂದೇ ಮೂರು ಸಾಲಾಗುತ್ತದೆ. ಒಂದು ಗುಳ್ಳೆಗೆ ಎಂಟು ಪದ ಮೀರಬಾರದು. ಕೊನೆಗೆ ಕಪ್ಪು ಪೆನ್ನಿನಲ್ಲಿ ತಿದ್ದಿ, ಪೆನ್ಸಿಲ್ ಗೆರೆ ಅಳಿಸುವುದು. ಶಾಯಿ ಒಣಗಲು ಐದು ನಿಮಿಷ ಬಿಡದಿದ್ದರೆ ಪುಟ ಮಸಿಯಾಗಿ ಮಗು ಅಳುತ್ತದೆ.

‘ನನಗೆ ಚಿತ್ರ ಬರಲ್ಲ’ ಎನ್ನುವವರಿಗೆ ಕಡ್ಡಿ ಮನುಷ್ಯರನ್ನೇ ಬಿಡಿಸಲು ಹೇಳಿ, ಚೌಕದ ಅಗಲ ಮತ್ತು ಮರಳಿ ಬರುವ ಒಂದು ವಸ್ತುವಿನ ಮೇಲೆ ಗಮನವಿಡಿಸಿ. ಚೆನ್ನಾಗಿ ಬಿಡಿಸುವವರಿಗೆ ಬೇರೆ ಕಷ್ಟ: ಮೊದಲ ಚೌಕದಲ್ಲೇ ಕಣ್ಣುರೆಪ್ಪೆ ತಿದ್ದುತ್ತ ಪೀರಿಯಡ್ ಮುಗಿಸುತ್ತಾರೆ. ಅವರಿಗೆ ಚೌಕಕ್ಕೆ ಆರು ನಿಮಿಷ ಎಂದು ಗಡಿಯಾರ ತೋರಿಸಿ.

ಮುಗಿದ ಪುಟಗಳನ್ನು ಹೆಸರಿಲ್ಲದೆ ಅದಲುಬದಲು ಮಾಡಿ. ಓದಿದವರು ಅದೇ ಮೂರು ವಾಕ್ಯದ ಅಚ್ಚಿನಲ್ಲಿ ಆಶಯ ಬರೆದು ಹಿಂದಿರುಗಿಸಲಿ. ಮಾಡಿದವರು ಅಂದುಕೊಂಡದ್ದೇ ಬಂದಿರಬೇಕೆಂದಿಲ್ಲ. ಬೇರೆಯದು ಬಂದಿದ್ದರೆ ಯಾವ ಚೌಕ ಅವರನ್ನು ಅಲ್ಲಿಗೆ ಒಯ್ದಿತು ಎಂದು ಇಬ್ಬರೂ ಕೂತು ನೋಡಲಿ.

ಅಂಕ ಕೊಡಲೇಬೇಕಿದ್ದರೆ ಹತ್ತರಲ್ಲಿ ನಾಲ್ಕು ಸಾಕ್ಷಿಗೆ, ಮೂರು ಆಶಯದ ವಾಕ್ಯಕ್ಕೆ, ಎರಡು ‘ಆದರೆ’ಗೆ, ಒಂದು ಕನ್ನಡ ಬರವಣಿಗೆಗೆ. ಚಿತ್ರದ ಅಂದಕ್ಕೆ ಅಂಕವಿಲ್ಲ ಎಂಬುದನ್ನು ಏಳನೆಯ ಪೀರಿಯಡ್ಡಿನ ಶುರುವಿನಲ್ಲೇ ಹೇಳಿಬಿಡಿ.

ಭಾಷೆಯ ವಿಷಯದಲ್ಲಿ ಕೈ ಸಡಿಲ ಬಿಡಿ. ಪಟ್ಟಿಯ ಮಾತು, ಆಶಯದ ವಾಕ್ಯ ಕನ್ನಡದಲ್ಲಿರಲಿ. ಗುಳ್ಳೆಯಲ್ಲಿ ಪಾತ್ರ ತನ್ನ ಭಾಷೆಯನ್ನೇ ಆಡಲಿ, ಅಜ್ಜಿ ತುಳುವಿನಲ್ಲಿ, ರಿಕ್ಷಾದವರು ಹಿಂದಿಯಲ್ಲಿ, ಪಕ್ಕದ ಮನೆಯ ಕಾಕು ಮರಾಠಿಯಲ್ಲಿ, ಎಲ್ಲವೂ ಕನ್ನಡ ಲಿಪಿಯಲ್ಲಿ. ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಯಾವ ಚೌಕದಲ್ಲಿ ಭಾಷೆ ಬದಲಾಯಿಸುತ್ತಾರೆ ಎಂಬುದನ್ನೂ ಓದುವವರು ‘ಕಂಡದ್ದು’ ಸಾಲಿನಲ್ಲಿ ಬರೆದುಕೊಳ್ಳಲಿ.